ಎರಡು ಚಮಚ ಆಯುಷ್ಯ

1861ರಲ್ಲಿ ಮೂರೇ ತಿಂಗಳ ಅಂತರದಲ್ಲಿ ಇಬ್ಬರು ಹುಟ್ಟಿದರು. ಸೆಪ್ಟೆಂಬರ್ 15ರಂದು ಮುದ್ದೇನಹಳ್ಳಿಯಲ್ಲಿ ಮೋಕ್ಷಗುಂಡಂ ವಿಶ್ವೇಶ್ವರಯ್ಯ, ಡಿಸೆಂಬರ್ 25ರಂದು ಪ್ರಯಾಗದಲ್ಲಿ ಮದನ ಮೋಹನ ಮಾಲವೀಯ. ಒಬ್ಬರು ಕನ್ನಂಬಾಡಿಯ ಕಟ್ಟೆಗೆ ಹೆಸರಾದರು, ಇನ್ನೊಬ್ಬರು ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ. ಇಬ್ಬರಿಗೂ ಮಾಡುವ ಕೆಲಸ ಬೆಟ್ಟದಷ್ಟಿತ್ತು, ಇಬ್ಬರಿಗೂ ವಯಸ್ಸಾಗುತ್ತಿತ್ತು.

1938ರ ಆರಂಭದಲ್ಲಿ, 76 ದಾಟಿದ್ದ ಮಾಲವೀಯರು ಪ್ರಯಾಗದ ಬಳಿ ಒಂದು ಕುಟಿಯೊಳಗೆ ಹೊಕ್ಕರು. ತಪಸೀ ಬಾಬಾ ಎಂಬ ಸಾಧುವಿನ ಕೈಯಲ್ಲಿ ಕಾಯಕಲ್ಪ ಮಾಡಿಸಿಕೊಳ್ಳುವುದೆಂದು ತೀರ್ಮಾನವಾಗಿತ್ತು. ಸುಮಾರು 40 ದಿನ ಗಾಳಿ ಬೆಳಕು ಹೆಚ್ಚು ಸೋಕದ ಕೋಣೆಯಲ್ಲಿ ವಾಸ, ಔಷಧ, ಪಥ್ಯ, ಮೌನ. ದೇಶದ ಪತ್ರಿಕೆಗಳಿಗೆಲ್ಲ ಅದು ಸುದ್ದಿ. ಕೂದಲು ಕಪ್ಪಾಗಿದೆಯಂತೆ, ಸುಕ್ಕು ಇಳಿದಿದೆಯಂತೆ ಎಂಬ ಮಾತು ಊರೂರಿಗೆ ಹಬ್ಬಿತು. ಮರುವರ್ಷವೇ ಆರೋಗ್ಯ ಕೈಕೊಟ್ಟು ಅವರು ವಿಶ್ವವಿದ್ಯಾಲಯದ ಕುಲಪತಿ ಸ್ಥಾನವನ್ನು ರಾಧಾಕೃಷ್ಣನ್ ಅವರಿಗೆ ಬಿಟ್ಟುಕೊಟ್ಟರು. 1946ರ ನವೆಂಬರ್ 12ರಂದು, 84ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಯಾವ ಕುಟಿಗೂ ಹೋಗದ ವಿಶ್ವೇಶ್ವರಯ್ಯನವರು 1941ರಲ್ಲಿ, ಎಂಬತ್ತರ ಹೊಸ್ತಿಲಲ್ಲಿ, ಅಖಿಲ ಭಾರತ ತಯಾರಕರ ಸಂಘವನ್ನು ಕಟ್ಟಿದರು. ತೊಂಬತ್ತರ ಹೊತ್ತಿಗೆ ತಮ್ಮ ವೃತ್ತಿಜೀವನದ ನೆನಪುಗಳನ್ನು ಪುಸ್ತಕವಾಗಿ ಹೊರತಂದರು. 1962ರ ಏಪ್ರಿಲ್ 14ರಂದು ಕಣ್ಣು ಮುಚ್ಚಿದಾಗ ಅವರಿಗೆ ನೂರು ತುಂಬಿತ್ತು. ಹಿತಮಿತವಾದ ಊಟ, ಗಡಿಯಾರಕ್ಕೆ ಗಂಟು ಹಾಕಿದ ದಿನಚರಿ, ತಪ್ಪದ ನಡಿಗೆ ಇವಿಷ್ಟನ್ನೇ ಜನ ಅವರ ಗುಟ್ಟೆಂದು ಹೇಳಿಕೊಂಡು ಬಂದರು.

ಇಬ್ಬರ ಬದುಕನ್ನು ಪಕ್ಕಪಕ್ಕಕ್ಕೆ ಇಟ್ಟು ಯಾವ ಔಷಧದ ಬಗ್ಗೆಯೂ ತೀರ್ಪು ಕೊಡಲಾಗದು. ಕಾಯಕಲ್ಪ ಮಾಡಿಸದಿದ್ದರೆ ಮಾಲವೀಯರು ಇನ್ನೂ ಬೇಗ ಹೋಗುತ್ತಿದ್ದರೇನೋ, ಮಾಡಿಸಿದ್ದರೆ ವಿಶ್ವೇಶ್ವರಯ್ಯ ನೂರಹತ್ತು ಮುಟ್ಟುತ್ತಿದ್ದರೇನೋ, ಬಲ್ಲವರಾರು? ಆದರೆ ಮುಪ್ಪಿಗೆ ಮದ್ದು ಹುಡುಕಿದ ಎರಡು ಸಾವಿರ ವರ್ಷಗಳ ಚರಿತ್ರೆ ಬಹುಪಾಲು ಇಂಥ ಒಬ್ಬಿಬ್ಬರ ಕಥೆಗಳ ಮೇಲೆಯೇ ನಿಂತಿತ್ತು. ಸಾವಿರಾರು ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮದ್ದು, ಇನ್ನೊಂದಕ್ಕೆ ಅದರಂತೆಯೇ ಕಾಣುವ ಸಪ್ಪೆ ಗುಳಿಗೆ ಕೊಟ್ಟು, ವರ್ಷಗಟ್ಟಲೆ ಕಾದು ಎಣಿಸುವ ಕೆಲಸ ಶುರುವಾದದ್ದು ತೀರಾ ಈಚೆಗೆ.

ಕುಟಿಯ ಕಲ್ಪನೆ ಮಾತ್ರ ಹಳೆಯದು. ಚರಕಸಂಹಿತೆಯ ಚಿಕಿತ್ಸಾಸ್ಥಾನ ಜ್ವರದಿಂದಲೋ ಕೆಮ್ಮಿನಿಂದಲೋ ಆರಂಭವಾಗುವುದಿಲ್ಲ, ರಸಾಯನದಿಂದ ಆರಂಭವಾಗುತ್ತದೆ. ಆಯುರ್ವೇದದ ಎಂಟು ಅಂಗಗಳಲ್ಲಿ ಅದೂ ಒಂದು. ಮುಪ್ಪನ್ನು ತಡೆದು ಆಯುಷ್ಯ, ನೆನಪು, ಬಲ ಹೆಚ್ಚಿಸುವುದು ಅದರ ಗುರಿ. ದಾರಿ ಎರಡು. ಒಂದು ಕುಟೀಪ್ರಾವೇಶಿಕ: ಒಂದರೊಳಗೊಂದು ಮೂರು ಕೋಣೆಗಳಿರುವ, ದಪ್ಪ ಗೋಡೆಯ ಮನೆ ಕಟ್ಟಿ, ದೇಹಶೋಧನೆ ಮಾಡಿಸಿಕೊಂಡು, ಒಳಗೆ ಕುಳಿತು ಔಷಧ ಸೇವಿಸುವುದು. ಕೈಯಲ್ಲಿ ಹಣ, ಬಿಡುವು, ಆಳುಕಾಳು ಇರುವವರಿಗೆ ಸಾಧ್ಯವಾಗುವಂಥದ್ದು. ಇನ್ನೊಂದು ವಾತಾತಪಿಕ: ಗಾಳಿ ಬಿಸಿಲಿನಲ್ಲಿ ತಮ್ಮ ಪಾಡಿಗೆ ಕೆಲಸ ಮಾಡಿಕೊಂಡೇ ಸೇವಿಸುವುದು. ನಮ್ಮ ಮನೆಗಳ ಕಪಾಟಿನಲ್ಲಿರುವ ಲೇಹ್ಯದ ಡಬ್ಬ ಈ ಎರಡನೆಯ ದಾರಿಯ ವಾರಸುದಾರ.

ಆ ಡಬ್ಬಗಳಲ್ಲೆಲ್ಲ ಹಿರಿಯದು ಚ್ಯವನಪ್ರಾಶ. ಚರಕನ ಪಾಕದಲ್ಲಿ 500 ನೆಲ್ಲಿಕಾಯಿ ಬೇಕು. ದಶಮೂಲವೂ ಸೇರಿ ಹತ್ತಾರು ಮೂಲಿಕೆಗಳ ಕಷಾಯದಲ್ಲಿ ಅವನ್ನು ಬೇಯಿಸಿ, ಬೀಜ ನಾರು ತೆಗೆದು, ತುಪ್ಪ ಮತ್ತು ಎಳ್ಳೆಣ್ಣೆಯಲ್ಲಿ ಹುರಿದು, ಸಕ್ಕರೆ ಹಾಕಿ ಪಾಕ ಬರಿಸಿ, ಆರಿದ ಮೇಲೆ ಜೇನು, ಹಿಪ್ಪಲಿ, ಏಲಕ್ಕಿ, ದಾಲ್ಚಿನ್ನಿ ಬೆರೆಸಬೇಕು. ಮುದುಕನಾಗಿದ್ದ ಚ್ಯವನ ಋಷಿ ಇದನ್ನು ತಿಂದೇ ಮತ್ತೆ ಹರೆಯ ಪಡೆದನೆಂಬುದು ಹೆಸರಿನ ಹಿಂದಿನ ಕಥೆ. ಅಶ್ವಿನೀ ದೇವತೆಗಳು ಅವನನ್ನು ತರುಣನನ್ನಾಗಿ ಮಾಡಿದ ಸಂಗತಿ ಋಗ್ವೇದದಲ್ಲೇ ಬರುತ್ತದೆ. ಮಹಾಭಾರತದ ಚ್ಯವನನಾದರೋ ಲೇಹ್ಯ ನೆಕ್ಕಲಿಲ್ಲ. ಎಳೆಯ ಹೆಂಡತಿ ಸುಕನ್ಯೆ ನೋಡುತ್ತಿರುವಂತೆ ಅಶ್ವಿನಿಗಳ ಜೊತೆ ಕೊಳದಲ್ಲಿ ಮುಳುಗಿ ಯುವಕನಾಗಿ ಎದ್ದ. ಕೊಳದ ನೀರು ನೆಲ್ಲಿಕಾಯಿಯ ಪಾಕವಾಗುವಷ್ಟರಲ್ಲಿ ಕಥೆ ವೈದ್ಯರ ಕೈ ಸೇರಿತ್ತು.

ಅದೇ ರಸಾಯನ ಅಧ್ಯಾಯದ ಕೊನೆಯ ಭಾಗದಲ್ಲಿ ಜಾಹೀರಾತುಗಳು ಎಂದೂ ಎತ್ತಿಕೊಳ್ಳದ ಒಂದು ತುಣುಕಿದೆ. ಅದು ಆಚಾರ ರಸಾಯನ. ನಿಜ ನುಡಿಯುವವನು, ಸಿಟ್ಟು ಮಾಡದವನು, ಹೆಂಡ ಮುಟ್ಟದವನು, ಮೈ ಮುರಿಯುವಷ್ಟು ದಣಿಯದವನು, ಹೊತ್ತಿಗೆ ಸರಿಯಾಗಿ ಮಲಗಿ ಏಳುವವನು, ಹಿರಿಯರನ್ನು ನೋಡಿಕೊಳ್ಳುವವನು ಸದಾ ರಸಾಯನ ಸೇವಿಸುತ್ತಿರುವವನಿಗೆ ಸಮ ಎನ್ನುತ್ತಾನೆ ಚರಕ. ಇದನ್ನು ಡಬ್ಬದಲ್ಲಿ ತುಂಬುವ ಉಪಾಯ ಇನ್ನೂ ಯಾರಿಗೂ ಹೊಳೆದಿಲ್ಲ.

ಯೂರೋಪಿನವರಿಗೂ ಈ ಹುಚ್ಚು ಕಡಿಮೆಯಿರಲಿಲ್ಲ. 1889ರ ಜೂನ್ 1ರಂದು ಪ್ಯಾರಿಸ್‌ನ ವಿದ್ವತ್ಸಭೆಯೊಂದರಲ್ಲಿ 72 ವರ್ಷದ ಬ್ರೌನ್ ಸೆಕಾರ್ ಎದ್ದು ನಿಂತ. ನರಮಂಡಲದ ಅಧ್ಯಯನದಲ್ಲಿ ದೊಡ್ಡ ಹೆಸರು ಮಾಡಿದ್ದ ವೈದ್ಯ. ನಾಯಿ ಮತ್ತು ಗಿನಿಯಿಲಿಗಳ ವೃಷಣದ ರಸವನ್ನು ತನಗೇ ಚುಚ್ಚಿಕೊಂಡಿದ್ದಾಗಿಯೂ, ಈಗ ಮೆಟ್ಟಿಲನ್ನು ಓಡಿಕೊಂಡೇ ಹತ್ತುತ್ತಿರುವುದಾಗಿಯೂ ವರದಿ ಓದಿದ. ಮೂತ್ರ ಎಷ್ಟು ದೂರ ಚಿಮ್ಮುತ್ತದೆಂದು ಕೂಡ ಅಳೆದು ಬರೆದುಕೊಂಡಿದ್ದ! ಐದು ವರ್ಷ ತುಂಬುವ ಮೊದಲೇ ಆತ ತೀರಿಕೊಂಡ. 2002ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಅವನ ವಿಧಾನದಲ್ಲೇ ರಸ ತೆಗೆದು ನೋಡಿದಾಗ ಅದರಲ್ಲಿದ್ದ ಹಾರ್ಮೋನು ಲೆಕ್ಕಕ್ಕಿಲ್ಲದಷ್ಟು ಅಲ್ಪವಾಗಿತ್ತು. ಮೆಟ್ಟಿಲು ಹತ್ತಿಸಿದ್ದು ನಂಬಿಕೆ.

ಅದೇ ಪ್ಯಾರಿಸ್‌ನಲ್ಲಿ 1904ರಲ್ಲಿ ಮುಪ್ಪಿನ ಕುರಿತು ಭಾಷಣ ಮಾಡಿದ ಇಲ್ಯಾ ಮೆಚ್ನಿಕಾಫ್‌ನ ಮದ್ದು ನಮ್ಮವರಿಗೆ ತೀರಾ ಪರಿಚಿತ. ಮೊಸರು. ದೊಡ್ಡ ಕರುಳಿನಲ್ಲಿ ಕೊಳೆಸುವ ಬ್ಯಾಕ್ಟೀರಿಯಾಗಳು ಉಗುಳುವ ವಿಷವೇ ಮುಪ್ಪಿಗೆ ಕಾರಣ, ಹುಳಿ ಹಾಲಿನ ಬ್ಯಾಕ್ಟೀರಿಯಾಗಳು ಅವನ್ನು ಅಡಗಿಸುತ್ತವೆ ಎಂಬುದು ಅವನ ವಾದ. ಬಲ್ಗೇರಿಯದ ಹಳ್ಳಿಗರ ದೀರ್ಘಾಯುಷ್ಯವನ್ನು ಸಾಕ್ಷಿಗೆ ಕರೆದ. 1908ರಲ್ಲಿ ಬೇರೆ ಕೆಲಸಕ್ಕಾಗಿ ನೊಬೆಲ್ ಬಂದಮೇಲೆ ಮಾತಿನ ತೂಕ ಇನ್ನಷ್ಟು ಏರಿತು. ಔಷಧದ ಅಂಗಡಿಗಳಲ್ಲಿ ಮೊಸರಿನ ಬ್ಯಾಕ್ಟೀರಿಯಾಗಳ ಗುಳಿಗೆಗಳು ಬಂದವು. ದಿನವೂ ಹುಳಿ ಹಾಲು ಕುಡಿದ ಮೆಚ್ನಿಕಾಫ್ 1916ರಲ್ಲಿ 71ನೆಯ ವಯಸ್ಸಿನಲ್ಲಿ ಹೃದಯದ ಕಾಯಿಲೆಯಿಂದ ಸತ್ತ. ಮಧ್ಯಾಹ್ನ ಮೊಸರನ್ನ ಉಂಡು ಮಲಗುವವರಿಗೆ ಇದರಿಂದ ಬೇಸರವಾಗಬೇಕಿಲ್ಲ. ಮೊಸರಿನ ರುಚಿ ಎಲ್ಲೂ ಹೋಗುವುದಿಲ್ಲ.

ಕಥೆಯ ದಿಕ್ಕು ನಿಜವಾಗಿ ಬದಲಾದದ್ದು ಕನ್ನಡನಾಡಿನ ಮಗ್ಗುಲಲ್ಲಿ. ಗುಂಡ್ಲುಪೇಟೆ ದಾಟಿ, ಬಂಡೀಪುರದ ಕಾಡು ಹಾದು ಊಟಿಗೆ ಹತ್ತಿ, ಅಲ್ಲಿಂದ ಕೆಳಗಿಳಿದರೆ ಕೂನೂರು. ಅಲ್ಲಿನ ಪಾಶ್ಚರ್ ಸಂಸ್ಥೆಯಲ್ಲಿ ರಾಬರ್ಟ್ ಮೆಕ್ಯಾರಿಸನ್ ಎಂಬ ಸೇನಾ ವೈದ್ಯ 1918ರಲ್ಲಿ ಬೆರಿಬೆರಿ ರೋಗದ ವಿಚಾರಣೆಗೆಂದು ಒಂದು ಪುಟ್ಟ ಪ್ರಯೋಗಾಲಯ ತೆರೆದ. ಗಿರಣಿಯಲ್ಲಿ ಪಾಲಿಶ್ ಮಾಡಿದ ಅಕ್ಕಿ ಉಣ್ಣುವವರಿಗೆ ಕಾಲು ಜೋಮು ಹಿಡಿದು, ಮೈ ಊದಿ, ಹೃದಯ ನಿಲ್ಲುವ ರೋಗ ಅದು. ದನಕ್ಕೆ ಹಾಕುವ ತವುಡಿನಲ್ಲೇ ಅದರ ಮದ್ದು ಹೋಗಿಬಿಡುತ್ತಿತ್ತು. ಇಂಥ ಅಗೋಚರ ವಸ್ತುಗಳಿಗೆ 1912ರಲ್ಲಷ್ಟೇ ಕಾಸಿಮಿರ್ ಫಂಕ್ ‘ವಿಟಮಿನ್’ ಎಂಬ ಹೆಸರಿಟ್ಟಿದ್ದ.

ಮೆಕ್ಯಾರಿಸನ್ ಮಾಡಿದ ಒಂದು ಪ್ರಯೋಗದಲ್ಲಿ ಕನ್ನಡಿಗರೂ ಇದ್ದಾರೆ, ಇಲಿಗಳ ರೂಪದಲ್ಲಿ. ಎಳೆಯ ಇಲಿಗಳನ್ನು ಏಳು ಗುಂಪು ಮಾಡಿ, ಒಂದೊಂದಕ್ಕೆ ಭಾರತದ ಒಂದೊಂದು ಜನರ ಊಟ ಹಾಕಿದ. ಹೊಟ್ಟು ತೆಗೆಯದ ಗೋಧಿ ರೊಟ್ಟಿ, ಹಾಲು, ಬೆಣ್ಣೆ, ಬೇಳೆ, ತರಕಾರಿ ತಿಂದ ಸಿಖ್ಖರ ಊಟದ ಇಲಿಗಳು ಎಲ್ಲಕ್ಕಿಂತ ದಷ್ಟಪುಷ್ಟವಾದವು. ಆಮೇಲೆ ಪಠಾಣರು, ಮರಾಠರು, ಗೂರ್ಖರು. ಕನ್ನಡಿಗರ ಊಟ ಉಂಡ ಇಲಿಗಳಿಗೆ ಐದನೆಯ ಸ್ಥಾನ! ಕೆಳಗೆ ಬಂಗಾಳ, ಕೊನೆಗೆ ಪಾಲಿಶ್ ಅಕ್ಕಿಯ ಮದರಾಸು. ಈ ಫಲಿತಾಂಶವನ್ನು ಆತ 1936ರಲ್ಲಿ ಲಂಡನ್ನಿನ ಉಪನ್ಯಾಸಗಳಲ್ಲಿ ಜಗತ್ತಿಗೆ ಹೇಳಿದ. ಊಟದ ಬಡತನ ಮೈಯಲ್ಲಿ ಹೇಗೆ ಬರೆದುಕೊಳ್ಳುತ್ತದೆಂದು ತಕ್ಕಡಿಯಲ್ಲಿ ತೂಗಿ ತೋರಿಸಿದ್ದು ಅವನ ಸಾಧನೆ. ಅವನ ಪ್ರಯೋಗಾಲಯವೇ ಬೆಳೆದು 1958ರಲ್ಲಿ ಹೈದರಾಬಾದಿಗೆ ಹೋಗಿ ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ಅದನ್ನು ಮುಂದೆ ನಡೆಸಿದ ಸಿ. ಗೋಪಾಲನ್ 2019ರಲ್ಲಿ ತೀರಿಕೊಂಡಾಗ ಅವರಿಗೂ ನೂರಾಗಿತ್ತು.

ಆ ದಶಕಗಳು ಪವಾಡಗಳ ಕಾಲ. ಮುಂಬಯಿಯ ಬಸುರಿ ಹೆಂಗಸರ ರಕ್ತಹೀನತೆಗೆ ಲೂಸಿ ವಿಲ್ಸ್ ಎಂಬ ವೈದ್ಯೆ ಯೀಸ್ಟ್ ಸಾರ ಕೊಟ್ಟು ಚೇತರಿಕೆ ಕಂಡರು. ಅದರೊಳಗಿದ್ದದ್ದು ಫೋಲಿಕ್ ಆಮ್ಲವೆಂದು ಆಮೇಲೆ ತಿಳಿಯಿತು. 1945ರಲ್ಲಿ ಅದನ್ನು ಪ್ರಯೋಗಾಲಯದಲ್ಲಿ ಸಿದ್ಧಪಡಿಸಿದ ತಂಡದ ಮುಖಂಡರು ಭೀಮಾವರದಿಂದ ಅಮೆರಿಕಕ್ಕೆ ಹೋಗಿದ್ದ ಯಲ್ಲಾಪ್ರಗಡ ಸುಬ್ಬರಾವ್. 1948ರಲ್ಲಿ ಬಿ12 ಕೈಗೆ ಸಿಕ್ಕಿತು. ಸಾಯಬೇಕಾದವರು ಎದ್ದು ಕೂತರು, ಕುರುಡಾಗಬೇಕಾದ ಮಕ್ಕಳಿಗೆ ಕಣ್ಣು ಉಳಿಯಿತು. ‘ಪೂರಕ’ ಎಂಬ ನಮ್ಮ ಮಾತಿನ ಅರ್ಥ ಅದೇ ಅಲ್ಲವೆ? ಎಲ್ಲಿ ಕೊರತೆಯಿದೆಯೋ ಅಲ್ಲಿ ತುಂಬುವುದು.

ಮುಂದಿನ ಹೆಜ್ಜೆಯಲ್ಲಿ ಎಡವಿದರು. ಚಿಟಿಕೆಯಷ್ಟು ವಿಟಮಿನ್ ಸಾಯುವವನನ್ನು ಬದುಕಿಸುವುದಾದರೆ, ಹಿಡಿಯಷ್ಟು ಕೊಟ್ಟರೆ ಬದುಕಿರುವವನು ಇನ್ನೂ ಹೆಚ್ಚು ಬಾಳಬೇಕಲ್ಲ? ಬಾಡಿದ ಗಿಡಕ್ಕೆ ಒಂದು ಚೊಂಬು ನೀರು ಹಾಕಿದಾಗ ಚಿಗುರಿತೆಂದು, ನೆಟ್ಟಗಿರುವ ಗಿಡದ ಬುಡಕ್ಕೆ ಕೆರೆಯನ್ನೇ ತಿರುಗಿಸಿದ ಹಾಗೆ.

ಈ ತರ್ಕಕ್ಕೆ ವಿಜ್ಞಾನದ ಉಡುಪು ತೊಡಿಸಿದವನು ಕ್ಯಾಲಿಫೋರ್ನಿಯದ ಡೆನಮ್ ಹಾರ್ಮನ್. ಉಸಿರಾಟದ ಆಮ್ಲಜನಕದಿಂದಲೇ ಮೈಯೊಳಗೆ ಹುಟ್ಟುವ ‘ಫ್ರೀ ರ‍್ಯಾಡಿಕಲ್’ಗಳು ಕಬ್ಬಿಣಕ್ಕೆ ತುಕ್ಕು ಹಿಡಿಯುವಂತೆ ಜೀವಕೋಶಗಳನ್ನು ಕೆಡಿಸುತ್ತವೆ, ಮುಪ್ಪೆಂದರೆ ಆ ಹಾನಿಯ ಮೊತ್ತ ಎಂದು 1956ರಲ್ಲಿ ಬರೆದ. ತುಕ್ಕು ತಡೆಯುವ ವಸ್ತುಗಳಾಗಿ ವಿಟಮಿನ್ ಸಿ, ಇ, ಬೀಟಾ ಕ್ಯಾರೊಟೀನ್‌ಗಳು ಸಾಲಾಗಿ ನಿಂತವು. ‘ಆಂಟಿ ಆಕ್ಸಿಡೆಂಟ್’ ಎಂಬ ಪದ ಪ್ರಯೋಗಾಲಯದಿಂದ ಬಿಸ್ಕತ್ತಿನ ಪೊಟ್ಟಣಕ್ಕೆ ಇಳಿದದ್ದು ಹೀಗೆ.

ಜನರ ಮನಸ್ಸು ಗೆದ್ದವನು ಲೈನಸ್ ಪಾಲಿಂಗ್. ರಸಾಯನ ವಿಜ್ಞಾನಕ್ಕೆ 1954ರಲ್ಲಿ, ಶಾಂತಿಗೆ 1962ರಲ್ಲಿ, ಎರಡು ನೊಬೆಲ್‌ಗಳನ್ನು ಯಾರ ಜೊತೆಗೂ ಹಂಚಿಕೊಳ್ಳದೆ ಪಡೆದ ಏಕೈಕ ವ್ಯಕ್ತಿ. 1970ರಲ್ಲಿ ನೆಗಡಿ ಮತ್ತು ವಿಟಮಿನ್ ಸಿ ಬಗ್ಗೆ ಪುಸ್ತಕ ಬರೆದ. ಅಮೆರಿಕದ ಅಂಗಡಿಗಳಲ್ಲಿ ಸಿ ಗುಳಿಗೆ ಬರಿದಾಯಿತು. 1986ರಲ್ಲಿ ಹೆಚ್ಚು ಕಾಲ ಬದುಕುವ ಬಗೆಯನ್ನೇ ಕುರಿತು ಇನ್ನೊಂದು ಪುಸ್ತಕ. ದಿನಕ್ಕೆ 60 ಮಿಲಿಗ್ರಾಂ ಸಾಕೆಂದು ಸರ್ಕಾರ ಹೇಳುತ್ತಿದ್ದ ಕಾಲದಲ್ಲಿ ಆತ ಸ್ವತಃ ನುಂಗುತ್ತಿದ್ದದ್ದು 18 ಗ್ರಾಂವರೆಗೆ, ಮುನ್ನೂರು ಪಟ್ಟು. ಕ್ಯಾನ್ಸರಿಗೂ ಇದು ಮದ್ದೆಂಬ ಅವನ ಮಾತನ್ನು ಮೇಯೊ ಕ್ಲಿನಿಕ್ 1979 ಮತ್ತು 1985ರಲ್ಲಿ ರೋಗಿಗಳ ಮೇಲೆ ಪರೀಕ್ಷಿಸಿತು. ಲಾಭವೇನೂ ಕಾಣಲಿಲ್ಲ. ಪಾಲಿಂಗ್ ಒಪ್ಪಲಿಲ್ಲ.

1994ರಲ್ಲಿ ಈ ಕಥೆಯ ಎಲ್ಲ ಎಳೆಗಳೂ ಒಂದೇ ಗಂಟಿನಲ್ಲಿ ಸಿಕ್ಕಿಕೊಂಡವು.

ಏಪ್ರಿಲಿನಲ್ಲಿ ಫಿನ್ಲೆಂಡಿನಿಂದ ವರದಿ ಬಂತು. 50ರಿಂದ 69 ವರ್ಷದ 29,133 ಸಿಗರೇಟು ಸೇದುವ ಗಂಡಸರಿಗೆ ಐದರಿಂದ ಎಂಟು ವರ್ಷ ಬೀಟಾ ಕ್ಯಾರೊಟೀನ್, ವಿಟಮಿನ್ ಇ ಅಥವಾ ಸಪ್ಪೆ ಗುಳಿಗೆ ಕೊಡಲಾಗಿತ್ತು. ಕ್ಯಾರೆಟ್ಟಿನ ಸಾರ ಶ್ವಾಸಕೋಶ ಕಾಯುತ್ತದೆಂಬ ನಿರೀಕ್ಷೆ. ಬೀಟಾ ಕ್ಯಾರೊಟೀನ್ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಗಿತ್ತು, ಸಾವು ಶೇ. 8ರಷ್ಟು. ಆಕಸ್ಮಿಕವಿರಬಹುದೆಂದು ಹಲವರು ತಲೆಯಾಡಿಸಿದರು. ಅಮೆರಿಕದಲ್ಲಿ 18,314 ಜನರ ಮೇಲೆ ನಡೆಯುತ್ತಿದ್ದ ಅಂಥದೇ ಪ್ರಯೋಗವನ್ನು 1996ರ ಜನವರಿಯಲ್ಲಿ, ಅವಧಿಗೆ 21 ತಿಂಗಳು ಮೊದಲೇ ನಿಲ್ಲಿಸಬೇಕಾಯಿತು. ಅಲ್ಲಿ ಕ್ಯಾನ್ಸರ್ ಶೇ. 28ರಷ್ಟು ಏರಿತ್ತು.

ಅದೇ 1994ರ ಆಗಸ್ಟಿನಲ್ಲಿ ಪಾಲಿಂಗ್ 93ನೆಯ ವಯಸ್ಸಿನಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನಿಂದ ತೀರಿಕೊಂಡ. ಅಭಿಮಾನಿಗಳು ತೊಂಬತ್ತಮೂರನ್ನು ನೋಡಿದರು, ಟೀಕಾಕಾರರು ಕ್ಯಾನ್ಸರನ್ನು.

ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಪೂರಕಗಳ ಕಾನೂನು ಬಂತು. ಅದಕ್ಕೆ ಮೊದಲು ನಡೆದ ಪ್ರಚಾರದಲ್ಲಿ ಹಾಲಿವುಡ್ ನಟ ಮೆಲ್ ಗಿಬ್ಸನ್‌ನ ಮನೆಗೆ ಬಂದೂಕುಧಾರಿ ಪೊಲೀಸರು ನುಗ್ಗಿ ವಿಟಮಿನ್ ಸೀಸೆ ಕಸಿಯುವ ಜಾಹೀರಾತನ್ನು ಟಿ.ವಿ.ಯಲ್ಲಿ ತೋರಿಸಿದ್ದರು. ಹೊಸ ಕಾನೂನಿನಂತೆ, ಪೂರಕವನ್ನು ಮಾರುವವನು ಅದು ಕೆಲಸ ಮಾಡುತ್ತದೆಂದು ಮೊದಲೇ ರುಜುವಾತು ಮಾಡಬೇಕಾಗಿಲ್ಲ. ಆಗ ಸುಮಾರು 4,000 ಇದ್ದ ಸರಕುಗಳು ಮುಂದೆ 50,000 ದಾಟಿದವು. ಗುಳಿಗೆಯ ಮೇಲೆ ವಿಜ್ಞಾನ ಅನುಮಾನಪಟ್ಟ ವರ್ಷದಲ್ಲೇ ವ್ಯಾಪಾರಕ್ಕೆ ಬಾಗಿಲು ತೆರೆಯಿತು.

ಆಮೇಲಿನ ಲೆಕ್ಕಗಳೂ ಅದೇ ರಾಗ ಹಾಡಿದವು. 35,533 ಗಂಡಸರಿಗೆ ವಿಟಮಿನ್ ಇ ಮತ್ತು ಸೆಲೆನಿಯಂ ಕೊಟ್ಟ ಪ್ರಯೋಗವನ್ನು 2008ರಲ್ಲಿ ನಿಲ್ಲಿಸಲಾಯಿತು. 2011ರ ಹೊತ್ತಿಗೆ ಇ ತಿಂದವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ. 17 ಹೆಚ್ಚೆಂದು ಗೊತ್ತಾಯಿತು. 78 ಪ್ರಯೋಗಗಳ, 2,96,707 ಜನರ ಫಲಿತಾಂಶಗಳನ್ನು 2012ರಲ್ಲಿ ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ಪರಿಶೀಲನೆಯಲ್ಲಿ ಆಂಟಿ ಆಕ್ಸಿಡೆಂಟ್ ಗುಳಿಗೆಗಳು ಆಯುಷ್ಯ ಹೆಚ್ಚಿಸಿದ ಗುರುತಿರಲಿಲ್ಲ. ಬೀಟಾ ಕ್ಯಾರೊಟೀನ್ ಮತ್ತು ಇ ಸಾವನ್ನು ಹೆಚ್ಚಿಸುವಂತೆ ಕಂಡಿತು. ದಿನವೂ ಮಲ್ಟಿವಿಟಮಿನ್ ನುಂಗುವ, ನುಂಗದ 3,90,124 ಅಮೆರಿಕನ್ನರನ್ನು ಇಪ್ಪತ್ತು ವರ್ಷಕ್ಕೂ ಮೀರಿ ಗಮನಿಸಿದ ಅಧ್ಯಯನ 2024ರಲ್ಲಿ ಹೊರಬಂತು. ನುಂಗಿದವರು ಹೆಚ್ಚು ಕಾಲ ಬದುಕಿರಲಿಲ್ಲ.

ತುಕ್ಕಿನ ಹೋಲಿಕೆಯಲ್ಲೇ ಐಬಿತ್ತು. ಕಬ್ಬಿಣಕ್ಕೆ ತುಕ್ಕಿನಿಂದ ಪ್ರಯೋಜನವಿಲ್ಲ, ದೇಹಕ್ಕೆ ಫ್ರೀ ರ‍್ಯಾಡಿಕಲ್‌ಗಳಿಂದ ಇದೆ. ರೋಗಾಣುಗಳನ್ನು ಕೊಲ್ಲಲು ಬಿಳಿ ರಕ್ತಕಣಗಳು ಅವನ್ನೇ ಬಳಸುತ್ತವೆ. ವ್ಯಾಯಾಮ ಮಾಡುವಾಗ ಸ್ನಾಯುವಿನಲ್ಲಿ ಅವು ಹುಟ್ಟಿದರೇನೇ ‘ಗಟ್ಟಿಯಾಗು’ ಎಂಬ ಸಂದೇಶ ಮೈಗೆ ಮುಟ್ಟುವುದು. 2009ರ ಒಂದು ಜರ್ಮನ್ ಅಧ್ಯಯನದಲ್ಲಿ, ವ್ಯಾಯಾಮದ ಜೊತೆಗೆ ಸಿ ಮತ್ತು ಇ ಗುಳಿಗೆ ತಿಂದವರಿಗೆ ಸಕ್ಕರೆ ನಿಯಂತ್ರಣದಲ್ಲಿ ವ್ಯಾಯಾಮದ ಲಾಭವೇ ದಕ್ಕಲಿಲ್ಲ. ಬೆಳಗ್ಗೆ ಬೆವರು ಸುರಿಸಿದ್ದನ್ನು ತಿಂಡಿಯ ಹೊತ್ತಿನ ಗುಳಿಗೆ ಅಳಿಸಿಹಾಕಿತ್ತು.

ಹಾಗೆಂದು ಗುಳಿಗೆಯನ್ನೆಲ್ಲ ಕಸದ ಬುಟ್ಟಿಗೆ ಸುರಿಯುವುದೂ ಸರಿಯಲ್ಲ. ವಯಸ್ಸಾದಂತೆ ಹೊಟ್ಟೆಯ ಆಮ್ಲ ಕಡಿಮೆಯಾಗಿ ಊಟದಲ್ಲಿರುವ ಬಿ12 ಬಿಡಿಸಿಕೊಳ್ಳುವುದು ಕಷ್ಟವಾಗುತ್ತದೆ. ಸೊಪ್ಪು, ಬೇಳೆ, ಕಾಳುಗಳಲ್ಲಿ ಅದು ಮೊದಲೇ ಇಲ್ಲ; ಸಸ್ಯಾಹಾರಿಗೆ ಹಾಲು ಮೊಸರೇ ಗತಿ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಿನ್ನುವವರಲ್ಲಿ ಇನ್ನೂ ಇಳಿಯುತ್ತದೆ. ಈ ಮೂರೂ ಕೂಡಿದ ಹಿರಿಯರು ನಮ್ಮ ಬೀದಿಬೀದಿಯಲ್ಲಿದ್ದಾರೆ. ಅಂಗಾಲು ಜೋಮು, ನಡೆಯುವಾಗ ತೂರಾಟ, ಹೆಸರು ಮರೆಯುವುದು. ‘ವಯಸ್ಸಾಯ್ತಲ್ಲ’ ಎಂದು ಮನೆಯವರು ಸುಮ್ಮನಾಗುವ ಈ ಲಕ್ಷಣಗಳ ಹಿಂದೆ ಕೆಲವೊಮ್ಮೆ ಇರುವುದು ಕೊರತೆಯಷ್ಟೆ. ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಅಗ್ಗದ ಇಂಜೆಕ್ಷನ್ನಿಗೋ ಮಾತ್ರೆಗೋ ಬಗ್ಗುತ್ತದೆ.

ಕಣ್ಣಿನ ಅಕ್ಷಿಪಟಲದ ನಡುಭಾಗ ಸವೆಯುವ ರೋಗ ಮಧ್ಯಮ ಹಂತ ತಲುಪಿದವರಿಗೆ ಸತು, ತಾಮ್ರ, ವಿಟಮಿನ್‌ಗಳ ಒಂದು ನಿರ್ದಿಷ್ಟ ಮಿಶ್ರಣ ಕೊಟ್ಟರೆ ಅದು ಮುಂದಿನ ಹಂತಕ್ಕೆ ಜಾರುವ ಸಂಭವ ಸುಮಾರು ಶೇ. 25 ಕಡಿಮೆಯಾಗುತ್ತದೆಂದು 2001ರಲ್ಲಿ ತಿಳಿಯಿತು. 2013ರ ಸುಧಾರಿತ ಮಿಶ್ರಣದಿಂದ ಬೀಟಾ ಕ್ಯಾರೊಟೀನನ್ನು ಕೈಬಿಟ್ಟರು. ಫಿನ್ಲೆಂಡಿನ ಪಾಠ ಅಲ್ಲಿ ಉಪಯೋಗಕ್ಕೆ ಬಂತು. ವಿಟಮಿನ್ ಡಿಯನ್ನು ಅಮೆರಿಕದ 25,871 ಜನರಿಗೆ ಕೊಟ್ಟಾಗ ಕ್ಯಾನ್ಸರಾಗಲಿ ಹೃದಯಾಘಾತವಾಗಲಿ ಮೂಳೆ ಮುರಿತವಾಗಲಿ ಕಡಿಮೆಯಾಗಲಿಲ್ಲ, ಆದರೆ ಅವರಲ್ಲಿ ಹೆಚ್ಚಿನವರಿಗೆ ಡಿ ಮೊದಲೇ ಸಾಕಷ್ಟಿತ್ತು. ಅರವತ್ತು ದಾಟಿದ 21,442 ಜನರ ಇನ್ನೊಂದು ಪ್ರಯೋಗದ ಭಾಗವಾಗಿ ನೆನಪಿನ ಶಕ್ತಿಯನ್ನು ಅಳೆದಾಗ, ಮಲ್ಟಿವಿಟಮಿನ್ ತಿಂದವರು ಸ್ವಲ್ಪ ಮುಂದಿದ್ದರು. ಸ್ವಲ್ಪವೇ, ಆದರೂ ಮೂರು ಸಲ ಅಳೆದಾಗಲೂ ಕಂಡ ಸ್ವಲ್ಪ.

ಹೊಸ ಚ್ಯವನರ ಸಾಲು ಇನ್ನೂ ಮುಗಿದಿಲ್ಲ. ದ್ರಾಕ್ಷಿಯ ಸಿಪ್ಪೆಯ ರೆಸ್ವೆರಟ್ರಾಲ್ 2003ರಲ್ಲಿ ಯೀಸ್ಟಿನ ಆಯುಷ್ಯ ಹೆಚ್ಚಿಸಿತೆಂದು ಸುದ್ದಿಯಾಯಿತು. 2008ರಲ್ಲಿ ಆ ಸಂಶೋಧನೆಯ ಮೇಲೆ ನಿಂತ ಕಂಪನಿಯನ್ನು ಗ್ಲಾಕ್ಸೊ 72 ಕೋಟಿ ಡಾಲರ್ ಕೊಟ್ಟು ಕೊಂಡಿತು, 2013ರಲ್ಲಿ ಬಾಗಿಲು ಹಾಕಿತು. ಸಾಮಾನ್ಯ ಊಟ ತಿಂದ ಇಲಿಗಳ ಆಯುಷ್ಯ ರೆಸ್ವೆರಟ್ರಾಲ್‌ನಿಂದ ಹೆಚ್ಚಲಿಲ್ಲ. 2023ರಲ್ಲಿ ಟಾರಿನ್ ಎಂಬ ವಸ್ತುವಿನ ಸರದಿ: ಇಲಿಗಳು ಶೇ. 10ರಿಂದ 12 ಹೆಚ್ಚು ಬದುಕಿದವು, ವಯಸ್ಸಾದಂತೆ ರಕ್ತದಲ್ಲಿ ಟಾರಿನ್ ಇಳಿಯುವುದೇ ಮುಪ್ಪಿನ ಒಂದು ಕಾರಣವಿರಬಹುದೆಂದರು. ಎರಡೇ ವರ್ಷದಲ್ಲಿ, ಆ ವರದಿ ಬಂದಿದ್ದ ವಿಜ್ಞಾನ ಪತ್ರಿಕೆಯಲ್ಲೇ ಇನ್ನೊಂದು ತಂಡ, ಮನುಷ್ಯರಲ್ಲಿ ಅದು ಹಾಗೆ ಇಳಿಯುವುದಿಲ್ಲ ಎಂದು ತೋರಿಸಿತು.

ಇಲಿಗಳ ಆಯುಷ್ಯವನ್ನು ಮೊದಲು ಖಚಿತವಾಗಿ ಹೆಚ್ಚಿಸಿದ್ದು ಕೊಡುವ ಮದ್ದಲ್ಲ, ಕೊಡದ ಊಟ. ಕಾರ್ನೆಲ್ ವಿಶ್ವವಿದ್ಯಾಲಯದ ಕ್ಲೈವ್ ಮೆಕೇ 1935ರಲ್ಲಿ ಇಲಿಗಳ ಊಟ ಕಡಿಮೆ ಮಾಡಿದ, ವಿಟಮಿನ್ ಮತ್ತು ಖನಿಜಗಳಲ್ಲಿ ಮಾತ್ರ ಕೊರತೆ ಬಾರದಂತೆ ನೋಡಿಕೊಂಡ. ಅವು ಹೊಟ್ಟೆ ತುಂಬ ತಿಂದವಕ್ಕಿಂತ ಹೆಚ್ಚು ಕಾಲ ಬಾಳಿದವು. ಒಂದು ಹೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ, ನಾಲ್ಕು ಹೊತ್ತು ಉಂಡವನ ಹೊತ್ತುಕೊಂಡು ಹೋಗಿ ಎನ್ನುವ ನಮ್ಮ ಅಜ್ಜಿಯರಿಗೆ ಈ ವರದಿ ಓದಿ ಆಶ್ಚರ್ಯವಾಗುತ್ತಿರಲಿಲ್ಲ.

ಬೆಂಗಳೂರಿನಲ್ಲೋ ಶಿವಮೊಗ್ಗದಲ್ಲೋ ಸಂಜೆ ಮೆಡಿಕಲ್ ಶಾಪಿನ ಮುಂದೆ ನಿಂತರೆ ಈ ಚರಿತ್ರೆಯೆಲ್ಲ ಒಂದೇ ಕಪಾಟಿನಲ್ಲಿ ಕಾಣುತ್ತದೆ. ಮೇಲಿನ ಸಾಲಿನಲ್ಲಿ ಚರಕನ ಲೇಹ್ಯ, ಪಕ್ಕದಲ್ಲಿ ಮೆಚ್ನಿಕಾಫ್‌ನ ಬ್ಯಾಕ್ಟೀರಿಯಾ, ಕೆಳಗೆ ಹಾರ್ಮನ್‌ನ ಇ, ಕೌಂಟರಿನ ಮೇಲೆ ಪಾಲಿಂಗನ ಕಿತ್ತಳೆ ಬಣ್ಣದ ಸಿ. ಮಗ ಅಮೆರಿಕದಿಂದ ತಂದುಕೊಟ್ಟ ಡಬ್ಬ ಖಾಲಿಯಾಯಿತೆಂದು ಅದರಂಥದೇ ಇನ್ನೊಂದನ್ನು ಕೇಳಲು ಬಂದ ಹಿರಿಯರು ಕನ್ನಡಕ ಹಣೆಗೇರಿಸಿ ಹೊಸ ಡಬ್ಬವನ್ನು ತಿರುಗಿಸುತ್ತಾರೆ. ಮುಂಭಾಗದಲ್ಲಿ ಓಡುತ್ತಿರುವ ಬಿಳಿಗೂದಲಿನ ದಂಪತಿಯ ಚಿತ್ರ. ಹಿಂಭಾಗದಲ್ಲಿ, ಆಹಾರ ಸುರಕ್ಷತಾ ಪ್ರಾಧಿಕಾರದ 2016ರ ನಿಯಮದಂತೆ ಅಚ್ಚಾಗಲೇಬೇಕಾದ ಒಂದು ಸಾಲು: ಔಷಧವಾಗಿ ಬಳಸುವಂತಿಲ್ಲ. ಅಕ್ಷರ ಬಹಳ ಸಣ್ಣದು. ಓದಲು ಒಳ್ಳೆಯ ಕಣ್ಣು ಬೇಕು.